ಸಂಜ್ಞಾ ಭಾಷೆಗೆ ಎಐ ಬಂದರೆ ಕಿವುಡರಿಗೇ ಯಾಕೆ ಆತಂಕ?

ಆಗಾಗ ಇಂಥದ್ದೊಂದು ಸುದ್ದಿ ಬರುತ್ತಲೇ ಇರುತ್ತದೆ. ಕಿವುಡರ ಸಂಜ್ಞೆಗಳನ್ನು ಮಾತಾಗಿ ಬದಲಿಸುವ ಕೈಗವಸು ಸಿದ್ಧವಾಗಿದೆ. ಮೊಬೈಲ್ ಕ್ಯಾಮೆರಾ ಮುಂದೆ ಸಂಜ್ಞೆ ಮಾಡಿದರೆ ಆ್ಯಪ್ ಅದನ್ನು ಬರೆದು ತೋರಿಸುತ್ತದೆ. ಪರದೆಯ ಮೂಲೆಯಲ್ಲಿ ಮನುಷ್ಯರ ಬದಲು ಕಂಪ್ಯೂಟರ್ ಗೊಂಬೆಯೊಂದು ಸಂಜ್ಞೆ ಮಾಡುತ್ತದೆ. 2025ರಲ್ಲಂತೂ ದೊಡ್ಡ ಕಂಪನಿಗಳೇ ಇದಕ್ಕೆ ಇಳಿದವು. ಫೆಬ್ರವರಿಯಲ್ಲಿ ಎನ್‌ವಿಡಿಯಾ ಅಮೆರಿಕನ್ ಸಂಜ್ಞಾ ಭಾಷೆ ಕಲಿಸುವ ‘ಸೈನ್ಸ್’ ಎಂಬ ವೇದಿಕೆ ತಂದಿತು. ಮೇ ತಿಂಗಳಲ್ಲಿ ಗೂಗಲ್ ಸಂಜ್ಞಾ ಭಾಷೆಯನ್ನು ಬರಹಕ್ಕೆ ತರುವ ‘ಸೈನ್‌ಜೆಮ್ಮಾ’ ಮಾದರಿಯನ್ನು ಪ್ರಕಟಿಸಿತು.

ಇಂಥ ಸುದ್ದಿ ಬಂದಾಗಲೆಲ್ಲ ಓದುಗರಿಗೆ ಖುಷಿಯಾಗುತ್ತದೆ, ಸಹಜವೇ. ಆದರೆ ಅದರ ಬೆನ್ನಿಗೇ ಕಿವುಡರ ಸಂಘಟನೆಗಳಿಂದ ಎಚ್ಚರಿಕೆಯ ಮಾತು ಬರುತ್ತದೆ. ಕೆಲವೊಮ್ಮೆ ನೇರ ವಿರೋಧವೇ ಬರುತ್ತದೆ. ತಮಗೆ ಅನುಕೂಲ ಮಾಡಿಕೊಡಲು ಬಂದ ಯಂತ್ರವನ್ನು ತಾವೇ ಬೇಡ ಅನ್ನುವುದೇಕೆ? ಹಟವೇ? ಹೊಸದರ ಭಯವೇ? ಎರಡೂ ಅಲ್ಲ. ಅವರ ಮಾತಿನ ಹಿಂದೆ ಗಟ್ಟಿ ಕಾರಣಗಳಿವೆ. ಸಂಜ್ಞಾ ಭಾಷೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯದೆ ಆ ಕಾರಣಗಳು ಅರ್ಥವಾಗುವುದಿಲ್ಲ.

(ಇಲ್ಲಿ ‘ಕಿವುಡರು’ ಎಂದೇ ಬರೆದಿದ್ದೇನೆ. ಸಂಜ್ಞಾ ಭಾಷೆಯನ್ನು ತಮ್ಮ ಭಾಷೆ ಎಂದುಕೊಂಡವರು ಜಗತ್ತಿನ ಎಲ್ಲೆಡೆ ತಮ್ಮ ಸಂಘಗಳನ್ನು ಆ ಹೆಸರಿನಿಂದಲೇ ಕಟ್ಟಿಕೊಂಡಿದ್ದಾರೆ.)

ಸುದ್ದಿ ಒಂದೇ, ಯಂತ್ರಗಳು ಬೇರೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ‘ಸಂಜ್ಞಾ ಭಾಷೆಗೆ ಎಐ’ ಎಂಬ ಒಂದೇ ತಲೆಬರಹದ ಕೆಳಗೆ ಬೇರೆ ಬೇರೆ ಕೆಲಸಗಳು ಬರುತ್ತವೆ.

ಸಂಜ್ಞೆಯನ್ನು ಗುರುತಿಸಿ ಮಾತು ಅಥವಾ ಬರಹ ಮಾಡುವುದು ಒಂದು. ಕೈಗವಸು ಮತ್ತು ಕ್ಯಾಮೆರಾ ಆ್ಯಪ್‌ಗಳು ಈ ಗುಂಪಿನವು. ಬರಹವನ್ನೋ ಮಾತನ್ನೋ ತೆಗೆದುಕೊಂಡು ಗೊಂಬೆಯ ಮೂಲಕ ಸಂಜ್ಞೆ ಮಾಡಿಸುವುದು ಇನ್ನೊಂದು. ಈ ಗೊಂಬೆಗೆ ಅವತಾರ್ ಎಂಬ ಹೆಸರಿದೆ. ಕಲಿಯುವವರಿಗೆ ನೆರವಾಗುವ ನಿಘಂಟು, ಅಭ್ಯಾಸದ ಆ್ಯಪ್‌ಗಳು ಮೂರನೆಯ ಬಗೆ. ಎನ್‌ವಿಡಿಯಾದ್ದು ಈ ಕೊನೆಯ ಬಗೆಯದು. ಕಿವುಡ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಸಂಸ್ಥೆಯೊಂದರ ಜೊತೆ ಸೇರಿಯೇ ಅದನ್ನು ಮಾಡಲಾಗಿದೆ. ಇಂಥವಕ್ಕೆ ವಿರೋಧ ತೀರಾ ಕಡಿಮೆ.

ಜಗಳ ಇರುವುದು ಮೊದಲ ಎರಡರಲ್ಲಿ. ಅದರಲ್ಲೂ ಆಸ್ಪತ್ರೆ, ಕೋರ್ಟು, ತರಗತಿ, ಪೊಲೀಸ್ ಠಾಣೆಯಂಥ ಕಡೆ ಮನುಷ್ಯ ದುಭಾಷಿಯ ಜಾಗಕ್ಕೆ ಅವನ್ನು ಕೂರಿಸುವುದರಲ್ಲಿ.

ಕೈಗವಸಿಗೆ ಕಾಣದ ವ್ಯಾಕರಣ

2016ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ‘ಸೈನ್‌ಅಲೌಡ್’ ಎಂಬ ಕೈಗವಸು ಮಾಡಿದರು. ಅದಕ್ಕೆ 10,000 ಡಾಲರ್ ಬಹುಮಾನ ಬಂತು. ಜಗತ್ತಿನ ತುಂಬ ಸುದ್ದಿಯಾಯಿತು. ಅದೇ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿಗಳು ಮತ್ತು ಕಿವುಡ ಸಮುದಾಯದವರು ಅದನ್ನು ಬಹಿರಂಗವಾಗಿ ಟೀಕಿಸಿದರು. ಅವರ ಮುಖ್ಯ ತಕರಾರು ಸರಳವಾಗಿತ್ತು. ಸಂಜ್ಞಾ ಭಾಷೆಯ ವ್ಯಾಕರಣದ ದೊಡ್ಡ ಭಾಗ ಕೈಯಲ್ಲಿ ಇರುವುದೇ ಇಲ್ಲ.

ಅಮೆರಿಕನ್ ಸಂಜ್ಞಾ ಭಾಷೆಯ ಒಂದು ಉದಾಹರಣೆ ನೋಡೋಣ. ‘ತಡವಾಯಿತು’ ಮತ್ತು ‘ಇನ್ನೂ ಆಗಿಲ್ಲ’ ಎಂಬ ಎರಡಕ್ಕೂ ಕೈಯ ಚಲನೆ ಒಂದೇ. ಪಕ್ಕದಲ್ಲಿ ಇಳಿಬಿಟ್ಟ ಅಂಗೈ ಹಿಂದಕ್ಕೆ ಬೀಸುತ್ತದೆ. ವ್ಯತ್ಯಾಸ ಇರುವುದು ಬಾಯಲ್ಲಿ. ‘ಇನ್ನೂ ಆಗಿಲ್ಲ’ ಅನ್ನುವಾಗ ಬಾಯಿ ಸ್ವಲ್ಪ ತೆರೆದು, ನಾಲಿಗೆ ಕೆಳಹಲ್ಲಿನ ಮೇಲೆ ಬರುತ್ತದೆ, ತಲೆ ತುಸು ಅಡ್ಡಡ್ಡ ಆಡುತ್ತದೆ. ಶಸ್ತ್ರಚಿಕಿತ್ಸೆ ತಡವಾಗಿ ಆಯಿತು ಅನ್ನುವುದಕ್ಕೂ ಇನ್ನೂ ಆಗಿಯೇ ಇಲ್ಲ ಅನ್ನುವುದಕ್ಕೂ ಎಷ್ಟು ಅಂತರ! ಕೈಗವಸು ಎಷ್ಟೇ ಚುರುಕಾಗಿದ್ದರೂ ನಾಲಿಗೆ ಅದಕ್ಕೆ ಕಾಣುವುದಿಲ್ಲ.

ಹುಬ್ಬಿನದೂ ಇದೇ ಕಥೆ. ಹೌದು-ಅಲ್ಲ ಎಂಬ ಉತ್ತರದ ಪ್ರಶ್ನೆಗೆ ಹುಬ್ಬು ಮೇಲೇರುತ್ತದೆ. ಯಾರು, ಎಲ್ಲಿ, ಯಾಕೆ ಎಂಬ ಪ್ರಶ್ನೆಗೆ ಹುಬ್ಬು ಗಂಟಾಗುತ್ತದೆ. ಅದೇ ಸಂಜ್ಞೆಗಳನ್ನು ಹುಬ್ಬು ಅಲ್ಲಾಡಿಸದೆ ಮಾಡಿದರೆ ಅದು ಪ್ರಶ್ನೆಯಲ್ಲ, ಹೇಳಿಕೆ. ‘ನೀನು ಮಾತ್ರೆ ತಗೊಂಡೆಯಾ?’ ಎಂಬುದು ‘ನೀನು ಮಾತ್ರೆ ತಗೊಂಡೆ’ ಆಗಿಬಿಡುತ್ತದೆ. ಮಾತಾಡುವ ನಾವು ದನಿಯ ಏರಿಳಿತದಲ್ಲಿ, ಪದದ ಕೊನೆಯ ಸ್ವರದಲ್ಲಿ ಮಾಡುವ ಕೆಲಸವನ್ನು ಇಲ್ಲಿ ಮುಖ ಮಾಡುತ್ತದೆ. ಭಾವನೆ ತೋರಿಸಲು ಮುಖ ಬಳಕೆಯಾಗುತ್ತದೆ ಎಂದಷ್ಟೇ ಅಂದುಕೊಂಡವರು ಇದನ್ನು ಗಮನಿಸಬೇಕು. ಇದು ವ್ಯಾಕರಣ.

ಮೂರನೆಯದು ಜಾಗ. ಸಂಜ್ಞೆ ಮಾಡುವವರು ತಮ್ಮ ಮುಂದಿನ ಖಾಲಿ ಜಾಗದಲ್ಲಿ ವ್ಯಕ್ತಿಗಳನ್ನು ‘ಕೂರಿಸುತ್ತಾರೆ’. ಡಾಕ್ಟರು ಬಲಕ್ಕೆ, ಅಮ್ಮ ಎಡಕ್ಕೆ ಎಂದು ಒಮ್ಮೆ ತೋರಿಸಿದರೆ ಸಾಕು. ಆಮೇಲೆ ‘ಕೊಡು’ ಎಂಬ ಸಂಜ್ಞೆ ಬಲದಿಂದ ಎಡಕ್ಕೆ ಹೋದರೆ ಡಾಕ್ಟರು ಅಮ್ಮನಿಗೆ ಕೊಟ್ಟರು ಎಂದರ್ಥ. ಎಡದಿಂದ ಬಲಕ್ಕೆ ಹೋದರೆ ಅಮ್ಮ ಡಾಕ್ಟರಿಗೆ ಕೊಟ್ಟರು. ಯಾರ ಹೆಸರನ್ನೂ ಮತ್ತೆ ಹೇಳಬೇಕಿಲ್ಲ. ಭುಜ ಸ್ವಲ್ಪ ತಿರುಗಿದರೆ ಈಗ ಡಾಕ್ಟರೇ ಮಾತಾಡುತ್ತಿದ್ದಾರೆ ಎಂದಾಗುತ್ತದೆ. ಎಂದರೆ ಯಂತ್ರಕ್ಕೆ ಕೈಯ ಆಕಾರ ತಿಳಿದರಷ್ಟೇ ಸಾಲದು. ಐದು ನಿಮಿಷದ ಹಿಂದೆ ಬಲಗಡೆಯ ಖಾಲಿ ಜಾಗದಲ್ಲಿ ಯಾರನ್ನು ಇಡಲಾಗಿತ್ತು ಎಂಬುದೂ ನೆನಪಿರಬೇಕು.

ಸನ್ನೆ ಬೇರೆ, ಸಂಜ್ಞಾ ಭಾಷೆ ಬೇರೆ

ಸಂವಹನದ ಪಾಠಗಳಲ್ಲಿ ‘ಮಾತಿನ ಸಂವಹನ, ಮಾತಿಲ್ಲದ ಸಂವಹನ’ ಎಂದು ಎರಡು ಖಾನೆ ಮಾಡುತ್ತಾರೆ. ಸಂಜ್ಞಾ ಭಾಷೆಯನ್ನು ಸುಮ್ನೆ ಎರಡನೆಯ ಖಾನೆಗೆ, ತಲೆ ಅಲ್ಲಾಡಿಸುವುದು, ಕೈ ಬೀಸುವುದರ ಜೊತೆಗೆ ಸೇರಿಸಿಬಿಡುತ್ತಾರೆ. ಈ ತಪ್ಪು ಲೆಕ್ಕದಿಂದಲೇ ಬಹಳಷ್ಟು ತಪ್ಪು ಯಂತ್ರಗಳು ಹುಟ್ಟಿವೆ. ದನಿ ಇಲ್ಲದ್ದೆಲ್ಲ ಭಾಷೆಯಲ್ಲ ಎಂಬುದು ಸರಿಯಲ್ಲ. ಸಂಜ್ಞಾ ಭಾಷೆಗೆ ದನಿ ಇಲ್ಲ, ಆದರೆ ಅದು ಪೂರ್ತಿ ಭಾಷೆ.

ಇದನ್ನು ಮೊದಲು ವಿದ್ವತ್ತಿನ ಮಟ್ಟದಲ್ಲಿ ತೋರಿಸಿದವರು ಅಮೆರಿಕದಲ್ಲಿ ಕಿವುಡರ ಉನ್ನತ ಶಿಕ್ಷಣ ಸಂಸ್ಥೆಯಾದ ಗ್ಯಾಲೋಡೆಟ್‌ನಲ್ಲಿ ಪಾಠ ಮಾಡುತ್ತಿದ್ದ ವಿಲಿಯಂ ಸ್ಟೋಕೀ. ಮಾತಿನ ಪದಗಳು ಚಿಕ್ಕ ಚಿಕ್ಕ ಧ್ವನಿಗಳಿಂದ ಆಗುವಂತೆ ಸಂಜ್ಞೆಗಳೂ ಚಿಕ್ಕ ಅಂಶಗಳಿಂದ ಆಗುತ್ತವೆ ಎಂದು 1960ರಲ್ಲಿ ಅವರು ಬರೆದರು. ಕೈಯ ಆಕಾರ, ಅದು ಇರುವ ಜಾಗ, ಅದರ ಚಲನೆ. ಇದರಲ್ಲಿ ಒಂದನ್ನು ಬದಲಿಸಿದರೂ ಬೇರೆ ಪದ.

ಮೆದುಳಿನ ಅಧ್ಯಯನಗಳು ಇದನ್ನು ಇನ್ನಷ್ಟು ಗಟ್ಟಿ ಮಾಡಿದವು. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದ ಕೆಲವು ಕಿವುಡರನ್ನು 1980ರ ದಶಕದಲ್ಲಿ ಸಂಶೋಧಕರು ಪರೀಕ್ಷಿಸಿದರು. ಮಾತಾಡುವವರಿಗೆ ಇಂಥ ಪೆಟ್ಟು ಬಿದ್ದರೆ ಮಾತು ಕೆಡುತ್ತದೆ. ಇವರಿಗೆ ಸಂಜ್ಞೆ ಕೆಟ್ಟಿತು. ಆದರೆ ಕೈ ಚೆನ್ನಾಗಿಯೇ ಇತ್ತು. ಅಭಿನಯ ಮಾಡಿ ತೋರಿಸಿ ಎಂದರೆ ಮಾಡುತ್ತಿದ್ದರು. ಹೋದದ್ದು ಭಾಷೆ, ಅಭಿನಯವಲ್ಲ. ಎರಡೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಇನ್ನೊಂದು ನಂಬಿಕೆಯೂ ಜನರಲ್ಲಿ ಬೇರೂರಿದೆ. ಜಗತ್ತಿಗೆಲ್ಲ ಒಂದೇ ಸಂಜ್ಞಾ ಭಾಷೆ ಅಥವಾ ಆಯಾ ದೇಶದ ಮಾತನ್ನೇ ಕೈಯಲ್ಲಿ ಹೇಳುವ ವಿಧಾನ ಅದು ಎಂದು. ಎರಡೂ ಸುಳ್ಳು. ವಿಶ್ವ ಕಿವುಡರ ಒಕ್ಕೂಟದ ಪ್ರಕಾರ 300ಕ್ಕೂ ಹೆಚ್ಚು ಸಂಜ್ಞಾ ಭಾಷೆಗಳಿವೆ. ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಇಂಗ್ಲಿಷ್ ಇದೆ, ಆದರೆ ಬ್ರಿಟಿಷ್ ಸಂಜ್ಞಾ ಭಾಷೆ ಅಮೆರಿಕದ ಕಿವುಡರಿಗೆ ಅರ್ಥವಾಗುವುದಿಲ್ಲ. ಅಕ್ಷರ ತೋರಿಸಲು ಬ್ರಿಟನ್ನಿನವರು ಎರಡು ಕೈ ಬಳಸುತ್ತಾರೆ, ಅಮೆರಿಕದವರು ಒಂದು. ಅಮೆರಿಕದ ಸಂಜ್ಞಾ ಭಾಷೆಗೆ ಹತ್ತಿರದ ನೆಂಟಸ್ತಿಕೆ ಇರುವುದು ಫ್ರಾನ್ಸ್‌ನದರ ಜೊತೆ. ಯಾಕೆಂದರೆ ಲೊರಾಂ ಕ್ಲೇರ್ ಎಂಬ ಕಿವುಡ ಶಿಕ್ಷಕರು 1816ರಲ್ಲಿ ಫ್ರಾನ್ಸ್‌ನಿಂದ ಅಮೆರಿಕಕ್ಕೆ ಹೋದರು. ಮರುವರ್ಷ ಹಾರ್ಟ್‌ಫರ್ಡ್‌ನಲ್ಲಿ ಕಿವುಡರ ಶಾಲೆ ಶುರುವಾಗಲು ಕೈ ಜೋಡಿಸಿದರು. ಅವರ ಭಾಷೆ ಅಲ್ಲಿನ ಮಕ್ಕಳ ಸಂಜ್ಞೆಗಳೊಡನೆ ಬೆರೆತು ಹೊಸ ಭಾಷೆಯಾಯಿತು.

ಹೀಗಾಗಿ ‘ಸಂಜ್ಞಾ ಭಾಷೆಯನ್ನು ಅನುವಾದಿಸುವ ಯಂತ್ರ’ ಎಂಬ ಸುದ್ದಿ ಓದಿದಾಗ ಯಾವ ಸಂಜ್ಞಾ ಭಾಷೆ ಎಂದು ಕೇಳಲೇಬೇಕು. ಸೈನ್‌ಜೆಮ್ಮಾ ಚೆನ್ನಾಗಿ ಕೆಲಸ ಮಾಡುವುದು ಅಮೆರಿಕನ್ ಸಂಜ್ಞಾ ಭಾಷೆಯಿಂದ ಇಂಗ್ಲಿಷಿಗೆ ಎಂದು ಪ್ರಕಟಣೆಯಲ್ಲೇ ಹೇಳಲಾಗಿತ್ತು. ಸುದ್ದಿಯ ತಲೆಬರಹಗಳಲ್ಲಿ ಆ ಮಾತು ಉಳಿಯಲಿಲ್ಲ.

ಡೆಮೊದಲ್ಲಿ ಪಾಸು, ಮಾತುಕತೆಯಲ್ಲಿ ಫೇಲು

2020ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕೇಂದ್ರದ ತಂಡ ಇನ್ನೊಂದು ಕೈಗವಸು ಮಾಡಿತು. ಸಂಜ್ಞೆಗಳ 660 ದಾಖಲೆಗಳನ್ನು ಶೇ 98.63ರವರೆಗೆ ಸರಿಯಾಗಿ ಗುರುತಿಸಿತು ಎಂದು ವರದಿಯಾಯಿತು. ಸಂಖ್ಯೆ ನೋಡಿದರೆ ಸಮಸ್ಯೆ ಬಗೆಹರಿದೇಬಿಟ್ಟಿತು ಅನಿಸುತ್ತದೆ. ಆದರೆ ಪರೀಕ್ಷೆ ನಡೆದದ್ದು ನಾಲ್ವರು ಕಿವುಡರ ಮೇಲೆ. ಅವರು ಒಂದೊಂದೇ ಸಂಜ್ಞೆಯನ್ನು ಮತ್ತೆ ಮತ್ತೆ ಮಾಡಿ ತೋರಿಸಿದ್ದರು. ಮುಖದ ಭಾವವೂ ಬೇಕು ಎಂದು ಆ ತಂಡವೇ ಅರಿತು, ಹುಬ್ಬಿನ ನಡುವೆ ಮತ್ತು ಬಾಯಿಯ ಪಕ್ಕ ಸೆನ್ಸರ್ ಅಂಟಿಸಿಯೂ ನೋಡಿತು. ದಿನವಿಡೀ ಮುಖಕ್ಕೆ ಸೆನ್ಸರ್ ಅಂಟಿಸಿಕೊಂಡು ಓಡಾಡಲು ಯಾರು ಒಪ್ಪುತ್ತಾರೆ?

ಬಿಡಿ ಸಂಜ್ಞೆ ಗುರುತಿಸುವುದು ನಿಘಂಟಿನ ಪದಗಳನ್ನು ಒಂದೊಂದಾಗಿ ಓದಿದಂತೆ. ಮಾತುಕತೆಯಲ್ಲಿ ಸಂಜ್ಞೆಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಹಿಂದಿನ ಸಂಜ್ಞೆಯ ಕೈ ಆಕಾರ ಮುಂದಿನದಕ್ಕೆ ಜಾರುತ್ತದೆ. ಒಂದು ಕೈ ಒಂದು ವಿಷಯ ಹಿಡಿದಿಟ್ಟಿರುವಾಗಲೇ ಇನ್ನೊಂದು ಕೈ ಮುಂದುವರಿಯುತ್ತದೆ. ಊರಿಂದೂರಿಗೆ, ಶಾಲೆಯಿಂದ ಶಾಲೆಗೆ, ವಯಸ್ಸಿನಿಂದ ವಯಸ್ಸಿಗೆ ಸಂಜ್ಞೆ ಬದಲಾಗುತ್ತದೆ. ಕಿವುಡ ಸಮುದಾಯದಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಜ್ಞಾ ಹೆಸರು ಇರುತ್ತದೆ. ಅದನ್ನು ತಾವೇ ಇಟ್ಟುಕೊಳ್ಳುವುದಿಲ್ಲ, ಸಮುದಾಯದವರು ಕೊಡುತ್ತಾರೆ. ಕೆನ್ನೆಯ ಗುಳಿಯೋ ಕೂದಲಿನ ರೀತಿಯೋ ಸ್ವಭಾವವೋ ಅದರಲ್ಲಿ ಸೇರಿರುತ್ತದೆ. ಈ ಹೆಸರುಗಳು ಯಾವ ನಿಘಂಟಿನಲ್ಲೂ ಸಿಗುವುದಿಲ್ಲ.

ಇದನ್ನೆಲ್ಲ ಯಂತ್ರ ಕಲಿಯಬೇಕೆಂದರೆ ಬೆಟ್ಟದಷ್ಟು ದತ್ತಾಂಶ ಬೇಕು. ಕೊರತೆ ಇರುವುದು ಅಲ್ಲೇ. ಮಾತನ್ನು ಬರಹ ಮಾಡುವ ‘ವಿಸ್ಪರ್’ ಮಾದರಿಯನ್ನು 2022ರಲ್ಲಿ 6,80,000 ಗಂಟೆಗಳ ಧ್ವನಿಯಿಂದ ತರಬೇತು ಮಾಡಲಾಗಿತ್ತು. 2023ರಲ್ಲಿ ಬಂದ ‘ಯೂಟ್ಯೂಬ್-ಎಎಸ್ಎಲ್’ ಸಂಗ್ರಹ ಅಮೆರಿಕನ್ ಸಂಜ್ಞಾ ಭಾಷೆಗೆ ದೊಡ್ಡದು ಅನ್ನಿಸಿಕೊಂಡಿತು. ಅದರಲ್ಲಿದ್ದದ್ದು ಸುಮಾರು 984 ಗಂಟೆಗಳ ವಿಡಿಯೊ. ಜಗತ್ತಿನಲ್ಲೇ ಹೆಚ್ಚು ಅಧ್ಯಯನವಾದ ಸಂಜ್ಞಾ ಭಾಷೆಯ ಕಥೆಯೇ ಹೀಗೆ. ಭಾರತದಲ್ಲಿ ಸಂಜ್ಞಾ ಭಾಷೆಯ ಸಂಶೋಧನೆ ಮತ್ತು ತರಬೇತಿಗೆಂದು ರಾಷ್ಟ್ರಮಟ್ಟದ ಕೇಂದ್ರ ಶುರುವಾದದ್ದೇ 2015ರಲ್ಲಿ. ಅದರ ನಿಘಂಟು 10,000 ಪದಗಳಿಗೆ ಮುಟ್ಟಿದ್ದು 2021ರಲ್ಲಿ.

ಮಾತಾಡುವ ಭಾಷೆಗಳಿಗಾದರೆ ಪುಸ್ತಕ, ಪತ್ರಿಕೆ, ಸಾಮಾಜಿಕ ಜಾಲತಾಣ ಎಲ್ಲವೂ ದತ್ತಾಂಶವೇ. ಸಂಜ್ಞಾ ಭಾಷೆಗಳಿಗೆ ದಿನಬಳಕೆಯ ಲಿಪಿ ಇಲ್ಲ. ಇರುವುದೆಲ್ಲ ವಿಡಿಯೊ. ವಿಡಿಯೊದಲ್ಲಿ ಮುಖ ಇರಲೇಬೇಕು, ಯಾಕೆಂದರೆ ವ್ಯಾಕರಣ ಅಲ್ಲಿದೆ. ಹೆಸರು ಮರೆಮಾಡಬಹುದು, ಮುಖ ಮರೆಮಾಡಿದರೆ ಭಾಷೆಯೇ ಹೋಗುತ್ತದೆ. ಸಮುದಾಯ ಚಿಕ್ಕದು, ಎಲ್ಲರಿಗೂ ಎಲ್ಲರ ಪರಿಚಯ. ಹಾಗಾಗಿ ಖಾಸಗಿತನದ ಪ್ರಶ್ನೆ ಇಲ್ಲಿ ಜಾಸ್ತಿ ತೀವ್ರ.

ಮಿಲಾನ್‌ನಲ್ಲಿ ತೆಗೆದುಕೊಂಡ ತೀರ್ಮಾನ

ತಾಂತ್ರಿಕ ಕಾರಣಗಳು ಇಷ್ಟಾದವು. ಆದರೆ ಕಿವುಡರ ದನಿಯಲ್ಲಿರುವ ಕಾವು ತಾಂತ್ರಿಕ ಕಾರಣದಿಂದಷ್ಟೇ ಬಂದದ್ದಲ್ಲ. ಅದಕ್ಕೆ 1880ಕ್ಕೆ ಹೋಗಬೇಕು.

ಆ ವರ್ಷ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. 164 ಪ್ರತಿನಿಧಿಗಳಲ್ಲಿ ಕಿವುಡರು ಒಬ್ಬರೇ. ಸಂಜ್ಞೆಗಿಂತ ಬಾಯಿಮಾತಿನ ಕಲಿಕೆಯೇ ಮೇಲು, ಶಾಲೆಗಳಲ್ಲಿ ಅದೇ ಇರಬೇಕು ಎಂದು ತೀರ್ಮಾನವಾಯಿತು. ಆಮೇಲೆ ದೇಶದಿಂದ ದೇಶಕ್ಕೆ ಶಾಲೆಗಳು ಸಂಜ್ಞೆಯನ್ನು ಹೊರಹಾಕಿದವು. ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ಸಂಜ್ಞೆ ಮಾಡಿದ ಮಕ್ಕಳ ಕೈಗೆ ಏಟು ಬಿದ್ದವು. ತುಟಿಯ ಚಲನೆ ಓದಲು, ಕೇಳಿಸದ ದನಿಯನ್ನು ತಾವೇ ಹೊರಡಿಸಲು ಕಲಿಯುವುದರಲ್ಲಿ ಮಕ್ಕಳ ವರ್ಷಗಳು ಕಳೆದವು. ಗಣಿತ, ಇತಿಹಾಸ, ಕಥೆ ಎಲ್ಲ ಹಿಂದೆ ಬಿದ್ದವು. ಅದೇ ಸಮ್ಮೇಳನದ ಸಾಲಿನ ಸಭೆಯೊಂದು ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಹೇಳಿದ್ದು 2010ರಲ್ಲಿ, ಕೆನಡಾದ ವ್ಯಾಂಕೋವರ್‌ನಲ್ಲಿ. ನಡುವೆ 130 ವರ್ಷ.

ಮಿಲಾನ್‌ನಲ್ಲಿ ಸೇರಿದವರೂ ತಾವು ಒಳ್ಳೆಯದನ್ನೇ ಮಾಡುತ್ತಿದ್ದೇವೆ ಎಂದುಕೊಂಡಿದ್ದರು. ಬಾಯಿಮಾತಿನ ಕಲಿಕೆಯ ದೊಡ್ಡ ಬೆಂಬಲಿಗರಲ್ಲಿ ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕೂಡ ಒಬ್ಬರು. ಅವರ ತಾಯಿಗೂ ಹೆಂಡತಿಗೂ ಕಿವಿ ಕೇಳಿಸುತ್ತಿರಲಿಲ್ಲ. ಕಿವುಡರ ಕಷ್ಟ ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕಿವುಡರನ್ನು ಕಿವಿ ಕೇಳಿಸುವವರ ಹಾಗೆ ಮಾಡುವುದೇ ಪರಿಹಾರ ಎಂದು ಅವರು ನಂಬಿದ್ದರು. ನಮ್ಮನ್ನು ಕೇಳದೆ ನಮ್ಮ ಪರವಾಗಿ ತೀರ್ಮಾನವಾಯಿತು ಎಂಬುದೇ ಕಿವುಡರ ಅಂದಿನ ದೂರು, ಇಂದಿನ ದೂರು. ಕೈಗವಸಿನ ವಿಷಯದಲ್ಲೂ ಅವರು ಅದನ್ನೇ ಗಮನಿಸುತ್ತಾರೆ. ಸಂಜ್ಞೆ ಬಾರದವರು ಕೇಳಿಸುವವರು, ಆದರೆ ಕೈಗವಸು ಹಾಕಿಕೊಳ್ಳಬೇಕಾದವರು ಕಿವುಡರು. ಕೇಳಿಸುವವರು ಆಡಿದ್ದನ್ನು ಕಿವುಡರಿಗೆ ಮುಟ್ಟಿಸಲು ಅದು ಏನೂ ಮಾಡುವುದಿಲ್ಲ.

ತಂತ್ರಜ್ಞಾನವನ್ನು ಮೊದಲು ಅಪ್ಪಿಕೊಂಡವರೇ ಅವರು

ಕಿವುಡರಿಗೆ ಹೊಸದೆಂದರೆ ಆಗದು ಎಂಬುದು ಪೂರ್ತಿ ತಪ್ಪು. 1876ರಲ್ಲಿ ಟೆಲಿಫೋನ್ ಬಂದಾಗ ಅದು ಅವರನ್ನು ಎಷ್ಟೋ ಕೆಲಸಗಳಿಂದ ಹೊರಗಿಟ್ಟಿತು. 1964ರಲ್ಲಿ ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಭೌತವಿಜ್ಞಾನಿ ಅದಕ್ಕೆ ದಾರಿ ಹುಡುಕಿದರು. ಹಳೆಯ ಟೆಲಿಪ್ರಿಂಟರನ್ನು ಟೆಲಿಫೋನ್ ರಿಸೀವರಿಗೆ ಜೋಡಿಸಿ, ಟೈಪ್ ಮಾಡಿದ ಅಕ್ಷರ ಆ ತುದಿಯಲ್ಲಿ ಮೂಡುವಂತೆ ಮಾಡಿದರು. ಅವರು ಸ್ವತಃ ಕಿವುಡರು. ಆ ಯಂತ್ರವನ್ನು ಕಿವುಡರು ಕೈಯಾರೆ ದುರಸ್ತಿ ಮಾಡಿ, ಮನೆಯಿಂದ ಮನೆಗೆ ಹಂಚಿ ಬೆಳೆಸಿದರು. ಮೊಬೈಲ್ ಸಂದೇಶ, ಟಿವಿಯ ಅಡಿಬರಹ, ವಿಡಿಯೊ ಕಾಲ್ ಎಲ್ಲವನ್ನೂ ಅವರು ಬಂದ ಕೂಡಲೇ ತಮ್ಮದಾಗಿಸಿಕೊಂಡರು. ವಿಡಿಯೊ ಕಾಲ್ ಬಂದ ಮೇಲೆ ದೂರದಲ್ಲಿರುವವರ ಜೊತೆಗೂ ಅವರು ತಮ್ಮದೇ ಭಾಷೆಯಲ್ಲಿ ಮಾತಾಡುವಂತಾಯಿತು.

ಇಲ್ಲಿ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಕಿವುಡರು ಒಪ್ಪಿದ ಯಂತ್ರಗಳು ಅವರ ಭಾಷೆಯನ್ನು ಹಾಗೇ ಸಾಗಿಸುತ್ತವೆ, ಇಲ್ಲವೇ ಅವರಿಗೆ ಬೇಕಾದ ಮಾಹಿತಿ ತಂದುಕೊಡುತ್ತವೆ. ಅವರು ಅನುಮಾನಿಸುವ ಯಂತ್ರಗಳು ಅವರ ಭಾಷೆಯನ್ನು ಇನ್ನೊಬ್ಬರ ಅನುಕೂಲಕ್ಕೆ ಕತ್ತರಿಸುತ್ತವೆ.

ಸರಿ-ತಪ್ಪು ಹೇಳುವವರು ಯಾರು?

ನನ್ನ ಮಟ್ಟಿಗೆ ಇಡೀ ವಿವಾದದ ತಿರುಳು ಇದು. 2013ರ ಡಿಸೆಂಬರ್ 10ರಂದು ಜೋಹಾನ್ಸ್‌ಬರ್ಗ್‌ನ ಕ್ರೀಡಾಂಗಣದಲ್ಲಿ ನೆಲ್ಸನ್ ಮಂಡೇಲಾ ಅವರ ಸ್ಮರಣೆಯ ಸಭೆ ನಡೆಯಿತು. ಅಮೆರಿಕದ ಅಧ್ಯಕ್ಷ ಒಬಾಮ ಸೇರಿದಂತೆ ಜಗತ್ತಿನ ನಾಯಕರು ಮಾತಾಡಿದರು. ಅವರ ಪಕ್ಕದಲ್ಲೇ ಸಂಜ್ಞಾ ಭಾಷೆಯ ದುಭಾಷಿಯಾಗಿ ನಿಂತು ಒಬ್ಬರು ಗಂಟೆಗಟ್ಟಲೆ ಕೈ ಆಡಿಸಿದರು. ಕೋಟ್ಯಂತರ ಜನ ಟಿವಿಯಲ್ಲಿ ನೋಡಿದರು. ಕೇಳಿಸುವವರಿಗೆ ಏನೂ ಅನುಮಾನ ಬರಲಿಲ್ಲ. ಕಿವುಡರಿಗೆ ಮಾತ್ರ ಕೂಡಲೇ ಗೊತ್ತಾಯಿತು, ಆ ಕೈಗಳು ಏನೂ ಹೇಳುತ್ತಿಲ್ಲ ಎಂದು. 2017ರಲ್ಲಿ ಇರ್ಮಾ ಚಂಡಮಾರುತ ಬಂದಾಗ ಫ್ಲೋರಿಡಾದ ಒಂದು ಕೌಂಟಿಯಲ್ಲಿ ತುರ್ತು ಪ್ರಕಟಣೆಗೆ ತರಬೇತಿ ಇಲ್ಲದ ಸಿಬ್ಬಂದಿಯೊಬ್ಬರನ್ನು ನಿಲ್ಲಿಸಿದ್ದರು. ಊರು ಬಿಟ್ಟು ಹೊರಡಿ ಎಂಬ ಮಾಹಿತಿಯ ನಡುವೆ ‘ಪಿಜ್ಜಾ’, ‘ರಾಕ್ಷಸ’ ಎಂಬ ಸಂಜ್ಞೆಗಳು ಬಂದವು.

ಎರಡೂ ಕಡೆ ತಪ್ಪು ಮಾಡಿದ್ದು ಮನುಷ್ಯರು. ಆದರೆ ಯಂತ್ರಕ್ಕೂ ಅನ್ವಯಿಸುವ ಪಾಠ ಇದೆ. ಸಂಜ್ಞಾ ಭಾಷೆಯ ಸೇವೆಗೆ ದುಡ್ಡು ಕೊಡುವುದು ಆಸ್ಪತ್ರೆ, ಟಿವಿ ವಾಹಿನಿ, ಸರ್ಕಾರಿ ಕಚೇರಿ. ಅಲ್ಲಿ ತೀರ್ಮಾನ ಮಾಡುವವರಿಗೆ ಸಂಜ್ಞೆ ಬರುವುದಿಲ್ಲ. ಅವತಾರ್ ಚೆನ್ನಾಗಿ ಕೈ ಆಡಿಸಿದರೆ ಅವರಿಗೆ ಸಾಕು. ಅದು ಹೇಳಿದ್ದು ಸರಿಯೇ ಎಂದು ತಿಳಿಯುವವರು ಕಿವುಡರು, ಅವರು ಖರೀದಿಯ ಸಭೆಯಲ್ಲಿ ಇರುವುದಿಲ್ಲ. ದುಡ್ಡು ಕೊಡುವವರಿಗೆ ತಪ್ಪು ಕಾಣದು, ತಪ್ಪು ಕಾಣುವವರಿಗೆ ಅಧಿಕಾರವಿಲ್ಲ. ಹೀಗಾದಾಗ ಕಳಪೆ ಸೇವೆಗೂ ಮಾರುಕಟ್ಟೆ ಸಿಗುತ್ತದೆ. ಅದು ಸುಧಾರಿಸಬೇಕು ಎಂಬ ಒತ್ತಡವೂ ಹುಟ್ಟುವುದಿಲ್ಲ.

ಸಂಶೋಧನೆಯಲ್ಲೂ ಇದೇ ಆಗುತ್ತಿದೆ. 2024ರಲ್ಲಿ ಕಿವುಡ ಸಂಶೋಧಕರ ನೇತೃತ್ವದ ತಂಡವೊಂದು ಸಂಜ್ಞಾ ಭಾಷೆಯ ಎಐ ಕುರಿತ 101 ಪ್ರಬಂಧಗಳನ್ನು ಪರಿಶೀಲಿಸಿತು. ಕಿವುಡರಿಗೆ ಸಂವಹನದ ಅಡ್ಡಿ ಇದೆ ಎಂಬ ಹೊರಗಿನವರ ಕಲ್ಪನೆಗೇ ಹೆಚ್ಚು ಒತ್ತು, ಸಮುದಾಯವನ್ನು ಪ್ರತಿನಿಧಿಸದ ದತ್ತಾಂಶ, ಭಾಷಾವಿಜ್ಞಾನದ ಬುನಾದಿ ಇಲ್ಲದೆ ವಿಡಿಯೊಗಳಿಗೆ ಹಚ್ಚಿದ ಅರ್ಥದ ಟಿಪ್ಪಣಿಗಳು. ಇವೇ ಅವರಿಗೆ ಸಿಕ್ಕ ದೋಷಗಳು. ಅವರು ಕೇಳಿದ್ದು ಸಂಶೋಧನೆ ನಿಲ್ಲಿಸಿ ಎಂದಲ್ಲ, ಅದರ ಚುಕ್ಕಾಣಿ ಕಿವುಡರ ಕೈಯಲ್ಲಿರಲಿ ಎಂದು.

ಏನೂ ಇಲ್ಲದ್ದಕ್ಕಿಂತ ವಾಸಿ ಅಲ್ವಾ?

ಎದುರು ಪಕ್ಷದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತರಬೇತಿ ಪಡೆದ ದುಭಾಷಿಗಳು ಎಲ್ಲ ದೇಶಗಳಲ್ಲೂ ಕಡಿಮೆ. ನಡುರಾತ್ರಿ ತುರ್ತು ಚಿಕಿತ್ಸೆಗೆ ಬಂದ ಕಿವುಡ ರೋಗಿಗೆ ಎಲ್ಲಿ ನೋವು ಎಂದು ಕೇಳಲು ಯಾರೂ ಇಲ್ಲದಿದ್ದಾಗ ಅರೆಬರೆ ಯಂತ್ರವಾದರೂ ಇರಲಿ ಅನ್ನುವುದು ಸಹಜ. ಮೊದಲು ಕಳಪೆ ಇದ್ದ ಧ್ವನಿ ಗುರುತಿಸುವ ತಂತ್ರಾಂಶ ಈಗ ಎಷ್ಟು ಚೆನ್ನಾಗಿದೆ, ಇದೂ ಹಾಗೇ ಆಗುತ್ತದೆ ಎಂದು ಎಂಜಿನಿಯರುಗಳು ಹೇಳುತ್ತಾರೆ. ಬಳಸಿದರೆ ತಾನೇ ಸುಧಾರಿಸುವುದು ಎಂಬುದು ಅವರ ತರ್ಕ. ಬರೆದು ತೋರಿಸಿದರೆ ಸಾಲದೇ ಎಂದೂ ಕೆಲವರು ಕೇಳುತ್ತಾರೆ. ಹುಟ್ಟು ಕಿವುಡರಲ್ಲಿ ಬಹಳ ಜನರಿಗೆ ಬರಹದ ಭಾಷೆ ಎರಡನೆಯ ಭಾಷೆ, ಅದೂ ಎಂದೂ ಕಿವಿಗೆ ಬೀಳದ ಭಾಷೆ. ಕಾಯಿಲೆಯ ವಿವರವನ್ನು ಅದರಲ್ಲಿ ಬರೆದು ಒಪ್ಪಿಗೆಯ ಸಹಿ ಹಾಕಿಸಿಕೊಳ್ಳುವುದು ನ್ಯಾಯವಲ್ಲ.

ಅರೆಬರೆ ಯಂತ್ರದ ಬಗ್ಗೆ ಕಿವುಡರ ಉತ್ತರ ಎರಡು ಹಂತದ್ದು. ಯಂತ್ರ ಇಲ್ಲದಾಗ ದುಭಾಷಿ ಇಲ್ಲ ಎಂಬ ಕೊರತೆ ಎಲ್ಲರಿಗೂ ಕಾಣುತ್ತದೆ, ಅದನ್ನು ತುಂಬಬೇಕು ಎಂಬ ಬೇಡಿಕೆ ಜೀವಂತವಾಗಿರುತ್ತದೆ. ಗೋಡೆಯ ಮೇಲೆ ಒಂದು ಯಂತ್ರ ಬಂದರೆ ನಿಯಮ ಪಾಲಿಸಿದ್ದೇವೆ ಎಂದು ಸಂಸ್ಥೆ ಹೇಳಬಹುದು. ದುಭಾಷಿಯ ಸಂಬಳದ ಸಾಲು ಬಜೆಟ್ಟಿನಿಂದ ಹೋಗುತ್ತದೆ. ಕೆಲಸ ಕಡಿಮೆಯಾದರೆ ದುಭಾಷಿಯಾಗಲು ಕಲಿಯುವವರೂ ಕಡಿಮೆ. ಹತ್ತು ವರ್ಷದ ಮೇಲೆ ಯಂತ್ರ ಸೋತಾಗ ಕರೆಯಲು ಮನುಷ್ಯರೇ ಇರುವುದಿಲ್ಲ. ಎರಡನೆಯದು, ಮನುಷ್ಯ ದುಭಾಷಿ ಅರ್ಥವಾಗದಿದ್ದರೆ ತಡೆದು ಮತ್ತೆ ಕೇಳುತ್ತಾರೆ. ಗುಟ್ಟು ಕಾಪಾಡುವ ಹೊಣೆ ಅವರ ಮೇಲಿದೆ. ಯಂತ್ರ ತಪ್ಪನ್ನೂ ಅದೇ ಧೈರ್ಯದಿಂದ ಹೇಳುತ್ತದೆ. ಕೇಳಿಸುವ ಡಾಕ್ಟರಿಗೆ ಅದು ನಿರರ್ಗಳವಾಗಿ ಕೇಳಿಸುತ್ತದೆ.

ವಿಶ್ವ ಕಿವುಡರ ಒಕ್ಕೂಟ ಮತ್ತು ಸಂಜ್ಞಾ ಭಾಷಾ ದುಭಾಷಿಗಳ ವಿಶ್ವ ಸಂಘ 2018ರಲ್ಲಿ ಜಂಟಿಯಾಗಿ ಒಂದು ನಿಲುವು ಪ್ರಕಟಿಸಿದವು. ಅದು ಸಾರಾಸಗಟು ನಿರಾಕರಣೆಯಾಗಿರಲಿಲ್ಲ. ಹೋಟೆಲು, ರೈಲು ನಿಲ್ದಾಣಗಳಂಥ ಕಡೆ ಮೊದಲೇ ಸಿದ್ಧಪಡಿಸಿದ, ಬದಲಾಗದ ಮಾಹಿತಿಗೆ ಅವತಾರ್ ನಡೆದೀತು ಎಂದವು. ನೇರ ಮಾತುಕತೆಗೆ, ಮಹತ್ವದ ಮಾಹಿತಿಗೆ ಮನುಷ್ಯರೇ ಬೇಕು ಎಂದವು. ಮೊದಲೇ ಸಿದ್ಧಪಡಿಸಿದ್ದನ್ನು ಕಿವುಡರೇ ನೋಡಿ ತಿದ್ದಬಹುದು, ನೇರ ಮಾತುಕತೆಯಲ್ಲಿ ತಿದ್ದಲು ಸಮಯವೇ ಇರುವುದಿಲ್ಲ. ಈ ಗೆರೆ ನನಗೆ ಸರಿಯಾದ ಜಾಗದಲ್ಲೇ ಇದೆ ಅನಿಸುತ್ತದೆ.

ಅನುವಾದಕ್ಕೆ ಮೊದಲು ಭಾಷೆ ಬೇಕು

ಚರ್ಚೆಯಲ್ಲಿ ಹೆಚ್ಚು ಬಾರದ ಒಂದು ಪರಿಣಾಮವಿದೆ. ಕಿವುಡ ಮಕ್ಕಳಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳುವ ತಂದೆ-ತಾಯಿಗೆ. ಆ ಮನೆಗಳಲ್ಲಿ ಸಂಜ್ಞೆ ಯಾರಿಗೂ ಬರುವುದಿಲ್ಲ. ಮಗುವಿನ ಮೊದಲ ಕೆಲವು ವರ್ಷ ಭಾಷೆ ಕಲಿಯಲು ಮೆದುಳು ತೆರೆದುಕೊಂಡಿರುವ ಕಾಲ. ಆಗ ಕಿವಿಗೆ ಮಾತೂ ಬೀಳದೆ ಕಣ್ಣಿಗೆ ಸಂಜ್ಞೆಯೂ ಬೀಳದೆ ಹೋದರೆ ಮುಂದೆ ಯಾವ ಭಾಷೆಯೂ ಪೂರ್ತಿ ಒಲಿಯುವುದು ಕಷ್ಟ. ಶ್ರವಣ ಸಾಧನ, ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್‌ಗಳಿಂದ ಹಲವು ಮಕ್ಕಳಿಗೆ ನೆರವಾಗುತ್ತದೆ, ಆದರೆ ಎಲ್ಲ ಮಕ್ಕಳಿಗೂ ಒಂದೇ ರೀತಿಯಲ್ಲಿ ಅಲ್ಲ. ಅದು ಫಲಿಸುತ್ತದೋ ಇಲ್ಲವೋ ಎಂದು ಕಾಯುತ್ತ ಸಂಜ್ಞೆಯನ್ನು ತಡೆಹಿಡಿದರೆ ಆ ವರ್ಷಗಳು ತಿರುಗಿ ಬರುವುದಿಲ್ಲ.

‘ಮುಂದೆ ಯಂತ್ರ ಅನುವಾದ ಮಾಡುತ್ತದೆ, ನಾವು ಸಂಜ್ಞೆ ಕಲಿಯಬೇಕಿಲ್ಲ’ ಎಂದು ತಂದೆ-ತಾಯಿ, ಶಾಲೆ, ಸರ್ಕಾರ ಅಂದುಕೊಂಡರೆ ನಷ್ಟ ಆ ಮಗುವಿನದು. ಭಾಷೆಯೇ ಇಲ್ಲದ ಮಗುವಿನಿಂದ ಯಂತ್ರ ಏನನ್ನು ಅನುವಾದಿಸುತ್ತದೆ? ಕಲಿಸುವ ಆ್ಯಪ್‌ಗಳಿಗೆ ಕಿವುಡರ ಬೆಂಬಲ ಸಿಗುವುದು ಇದೇ ಕಾರಣಕ್ಕೆ. ಅವು ಕೇಳಿಸುವವರನ್ನು ಕಿವುಡ ಮಗುವಿನ ಕಡೆಗೆ ಒಂದು ಹೆಜ್ಜೆ ನಡೆಸುತ್ತವೆ.

ಮುಂದಿನ ಜಗಳ ಟೆಂಡರಿನಲ್ಲಿ

ನ್ಯೂಜಿಲೆಂಡ್ 2006ರಲ್ಲಿ ತನ್ನ ಸಂಜ್ಞಾ ಭಾಷೆಯನ್ನು ಅಧಿಕೃತ ಭಾಷೆ ಮಾಡಿತು. ಬ್ರಿಟನ್‌ನಲ್ಲಿ 2022ರಲ್ಲಿ ಕಾಯ್ದೆ ಬಂತು. ದಕ್ಷಿಣ ಆಫ್ರಿಕಾ 2023ರಲ್ಲಿ ತನ್ನದನ್ನು 12ನೇ ಅಧಿಕೃತ ಭಾಷೆಯಾಗಿ ಸೇರಿಸಿತು. ಮಾನ್ಯತೆ ಬಂದ ಮೇಲೆ ಸೇವೆ ಕೊಡಬೇಕಾದ ಹೊಣೆ ಬರುತ್ತದೆ. ಹೊಣೆ ಬಂದಾಗ ಅಗ್ಗದ ದಾರಿ ಹುಡುಕುವುದೂ ಶುರುವಾಗುತ್ತದೆ. ಅವತಾರ್ ಕಂಪನಿಗಳಿಗೆ ಗಿರಾಕಿಗಳು ಸಿಗುವುದು ಅಲ್ಲೇ. ಎಂದರೆ ಕಿವುಡರು ಹೋರಾಡಿ ಗಳಿಸಿದ ಕಾನೂನೇ ಅವರಿಗೆ ಬೇಡವಾದ ಸೇವೆಗೆ ಬಾಗಿಲು ತೆರೆಯುವ ಸಾಧ್ಯತೆ ಇದೆ.

ಹಾಗಾಗಿ ಮುಂದಿನ ದಿನಗಳಲ್ಲಿ ನಿಜವಾದ ಹಗ್ಗಜಗ್ಗಾಟ ಪ್ರಯೋಗಾಲಯದಲ್ಲಿ ಅಲ್ಲ, ಖರೀದಿಯ ಕರಾರುಪತ್ರದಲ್ಲಿ ನಡೆಯುತ್ತದೆ. ಗುಣಮಟ್ಟವನ್ನು ಅಳೆಯಲು ಸಂಜ್ಞೆಯೇ ಮೊದಲ ಭಾಷೆಯಾಗಿರುವ ಕಿವುಡರನ್ನು ಸಂಬಳ ಕೊಟ್ಟು ಕೂರಿಸಲಾಗಿದೆಯೇ? ಯಂತ್ರ ಬೇಡ, ಮನುಷ್ಯ ದುಭಾಷಿ ಬೇಕು ಎಂದು ರೋಗಿ ಕೇಳಿದರೆ ಆಸ್ಪತ್ರೆ ಒದಗಿಸಲೇಬೇಕೇ? ತಪ್ಪು ಅನುವಾದದಿಂದ ಹಾನಿಯಾದರೆ ಹೊಣೆ ಯಾರದು, ಕಂಪನಿಯದೋ ಆಸ್ಪತ್ರೆಯದೋ? ಆ ಕೋಣೆಯಲ್ಲಿ ಸೆರೆಯಾದ ವಿಡಿಯೊ ಮುಂದೆ ಎಲ್ಲಿಗೆ ಹೋಗುತ್ತದೆ? ಈ ನಾಲ್ಕಕ್ಕೂ ಉತ್ತರ ಬರೆದಿಲ್ಲದ ಕರಾರಿಗೆ ಕಿವುಡರ ಸಂಘಟನೆಗಳು ಸಹಿ ಹಾಕಬೇಡಿ ಎಂದರೆ ಅದನ್ನು ಹಟ ಅನ್ನಲಾಗದು. ತಮ್ಮ ಭಾಷೆ ಬಾರದ ಕೇಳಿಸುವ ವೈದ್ಯರಿಗೂ ನ್ಯಾಯಾಧೀಶರಿಗೂ ಅವರು ಹೇಳುತ್ತಿರುವುದು ಇಷ್ಟೇ: ಸರಿಯೋ ತಪ್ಪೋ ಎಂದು ನಿಮಗೆ ತಿಳಿಯದ ಅನುವಾದವನ್ನು ನಂಬಿ ನಮ್ಮ ದೇಹದ ಮೇಲೆ, ನಮ್ಮ ಜೈಲುವಾಸದ ಮೇಲೆ ತೀರ್ಮಾನ ಮಾಡಬೇಡಿ.